ಛತ್ರದವನ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದವನ್ನು ಕೊಂಡೊಯ್ಯುತ್ತಾ ಒಬ್ಬ ವೃದ್ಧೆಯ ಮನೆಗೆ ಹೋಗಿದ್ದೆ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದ್ದ ಆಕೆಯ ಕಾಲಿನ ಗಾಯ ಮಾಯದೆ ಉಳಿದಿತ್ತು. "ಇನ್ಸುಲಿನ್ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ, ಅಮ್ಮ?" ಎಂದು ಕೇಳಿದೆ. "ತೆಗೆದುಕೊಳ್ಳುತ್ತೇನೆ ಸ್ವಾಮಿ. ಆದರೆ ಒಂದು ತಿಂಗಳಿಗೆ ಬರೆದದ್ದನ್ನು ಎರಡು ತಿಂಗಳು ಎಳೆಯುತ್ತೇನೆ. ಮೊಮ್ಮಗನ ಫೀಸೂ ಕಟ್ಟಬೇಕಲ್ಲ" ಎಂದರು. ನಾನು ಪ್ರಾರ್ಥಿಸಿ, ಆಶೀರ್ವದಿಸಿ ಹೊರಟುಬಂದೆ. ಆ ಮಾತು ಮಾತ್ರ ನನ್ನ ಬೆನ್ನು ಬಿಡಲಿಲ್ಲ.

ರೋಗಿಯ ಮದ್ದಿನಿಂದ ಲಾಭ ಗಳಿಸುವುದು ಸರಿಯೇ? ಸರಿಯಾದರೆ ಎಷ್ಟರವರೆಗೆ? ನಮ್ಮ ನಾಡಿನಲ್ಲೇ ಹುಟ್ಟಿ ಬೆಳೆದ ಬಯೋಕಾನ್ ಕಂಪನಿಯ ಬೆಳವಣಿಗೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚಿಂತಿಸಬಹುದು.

1978ರಲ್ಲಿ ಕಿರಣ್ ಮಜುಂದಾರ್ ಎಂಬ ಯುವತಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಿಂದ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಇದನ್ನು ಆರಂಭಿಸಿದರು. ಬಿಯರ್ ತಯಾರಿಕೆಯಲ್ಲಿ ತರಬೇತಿ ಪಡೆದಿದ್ದರೂ ಹೆಣ್ಣೆಂಬ ಕಾರಣಕ್ಕೆ ಆ ಕ್ಷೇತ್ರದಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಮೊದಲ ಉತ್ಪನ್ನಗಳು ಎರಡೇ: ಪಪ್ಪಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ತಯಾರಿಸಿದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಗೊಳಿಸಲು ಬಳಸುವಂಥವು. ಮುಂದೆ ಕಂಪನಿ ಔಷಧಗಳತ್ತ ತಿರುಗಿ, 2004ರಲ್ಲಿ ಮಾನವ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು.

ಹಿಟ್ಟಿಗೆ ಶೇಂದಿ ಬೆರೆಸಿ ಉಬ್ಬಿಸುವ ನಮ್ಮ ತಾಯಂದಿರಿಗೆ ಯೀಸ್ಟಿನ ಗುಣ ಚೆನ್ನಾಗಿ ಗೊತ್ತು. ಹಿಂದೆ ಇನ್ಸುಲಿನನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಇಲ್ಲಿಯಾದರೋ ಇನ್ಸುಲಿನ್ ತಯಾರಿಸುವ ಮಾನವ ವಂಶವಾಹಿಯ ಸೂಚನೆಯನ್ನು ಪಿಕಿಯಾ ಎಂಬ ಯೀಸ್ಟಿನೊಳಗೆ ಸೇರಿಸಿ, ಅದನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅದು ಉತ್ಪಾದಿಸಿದ್ದನ್ನು ಸಂಸ್ಕರಿಸಿ ಶುದ್ಧಗೊಳಿಸುತ್ತಾರೆ. ಅದೇ ವರ್ಷ ಕಂಪನಿಯ ಷೇರುಗಳು ಪೇಟೆಗೆ ಬಂದ ಮೊದಲ ದಿನವೇ ಅದರ ಮಾರುಕಟ್ಟೆ ಮೌಲ್ಯ ನೂರು ಕೋಟಿ ಡಾಲರ್ ದಾಟಿತು. 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ, 2014ರಲ್ಲಿ ಸ್ತನ ಕ್ಯಾನ್ಸರಿಗೆ ಮದ್ದುಗಳು ಬಂದವು. 2017ರಲ್ಲಿ ಆ ಸ್ತನ ಕ್ಯಾನ್ಸರ್ ಮದ್ದಿಗೆ ಅಮೆರಿಕದ ಅನುಮತಿಯೂ ದೊರೆಯಿತು.

ಇದನ್ನೆಲ್ಲ ಕಂಡು ಅಭಿಮಾನ ಪಡುವುದು ತಪ್ಪಲ್ಲ. ಆದರೆ ಇನ್ಸುಲಿನ್ ಈ ಲೋಕಕ್ಕೆ ಬಂದದ್ದು ಬೇರೆ ದಾರಿಯಲ್ಲಿ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಕಂಡುಹಿಡಿದರು. 1923ರಲ್ಲಿ ಸಂಶೋಧಕರು ತಮ್ಮ ಪೇಟೆಂಟ್ ಹಕ್ಕನ್ನು ತಲಾ ಒಂದೇ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಹಾಗಾದರೆ ದಾನವಾಗಿ ಬಂದದ್ದನ್ನು ಮಾರುವುದು ಪಾಪವೇ?

ಅಷ್ಟು ಸರಳವಾಗಿ ತೀರ್ಪು ಕೊಡಲಾಗದು. ಆ ವಿಶ್ವವಿದ್ಯಾನಿಲಯಕ್ಕೇ ಬೇಕಾದಷ್ಟು ಇನ್ಸುಲಿನ್ ತಯಾರಿಸಲು ಆರಂಭದಲ್ಲಿ ಸಾಧ್ಯವಾಗದೆ, ಔಷಧ ಕಂಪನಿಯೊಂದರ ನೆರವು ಪಡೆಯಬೇಕಾಯಿತು. ಸಂಶೋಧಕರ ಔದಾರ್ಯ ಎಷ್ಟು ದೊಡ್ಡದಾದರೂ, ಮದ್ದು ರೋಗಿಯ ಕೈ ಸೇರಲು ಕಾರ್ಖಾನೆ ಬೇಕು, ಕೆಲಸಗಾರರು ಬೇಕು, ಸಂಬಳ ಬೇಕು.

ಇಲ್ಲಿ ನನಗೆ ದಯಾಳು ಸಮಾರಿಯದವನ ಕಥೆ ನೆನಪಾಗುತ್ತದೆ. ನಾವು ಸಾಮಾನ್ಯವಾಗಿ ಮರೆಯುವ ಪಾತ್ರವೊಂದು ಅದರಲ್ಲಿದೆ. ಅವನೇ ಛತ್ರದವನು. ಎರಡು ನಾಣ್ಯ ಪಡೆದು ಗಾಯಾಳುವನ್ನು ನೋಡಿಕೊಂಡವನು ಅವನು. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂದು ಸಮಾರಿಯದವನು ಹೇಳಿಹೋದ. ಛತ್ರದವನು ಹಣ ತೆಗೆದುಕೊಂಡದ್ದಕ್ಕೆ ಪ್ರಭು ಅವನನ್ನು ಖಂಡಿಸಲಿಲ್ಲ. ಆದರೆ ಅವನು ಇಲ್ಲದ ಲೆಕ್ಕ ಬರೆದಿದ್ದರೆ ಕೇಳುವವರು ಯಾರಿದ್ದರು? ಅರೆಜೀವವಾಗಿದ್ದ ಗಾಯಾಳು ಚೌಕಾಸಿ ಮಾಡಬಲ್ಲನೇ?

ಮದ್ದಿನ ವ್ಯಾಪಾರಕ್ಕೂ ಬೇರೆ ವ್ಯಾಪಾರಕ್ಕೂ ಇರುವ ಅಂತರ ಇದೇ. ಸೀರೆಯ ಬೆಲೆ ಹೆಚ್ಚೆನಿಸಿದರೆ ಅಂಗಡಿಯಿಂದ ಎದ್ದು ಬರಬಹುದು. ಇನ್ಸುಲಿನಿನ ಅಂಗಡಿಯಿಂದ ಎದ್ದು ಬರುವವರು ತಮ್ಮ ಆಯುಷ್ಯವನ್ನು ಅಲ್ಲಿ ಬಿಟ್ಟು ಬರುತ್ತಾರೆ. ಆದ್ದರಿಂದ ಪಟ್ಟ ಶ್ರಮಕ್ಕೆ, ಮಾಡಿದ ಖರ್ಚಿಗೆ, ನಾಳಿನ ಸಂಶೋಧನೆಗೆ ತಕ್ಕ ಲಾಭ ನ್ಯಾಯವಾದದ್ದು. ರೋಗಿಯ ಭಯವನ್ನು ಅಳೆದು ಹಾಕಿದ ಬೆಲೆ ಅನ್ಯಾಯವಾದದ್ದು. ಎರಡೂ ಲೆಕ್ಕದ ಪುಸ್ತಕದಲ್ಲಿ ಲಾಭವೆಂದೇ ದಾಖಲಾಗುತ್ತವೆ. ಮನಸ್ಸಾಕ್ಷಿಯ ಮುಂದೆ ಮಾತ್ರ ಅವು ಬೇರೆ ಬೇರೆ.

2019ರಲ್ಲಿ ಬಯೋಕಾನ್ ಕಂಪನಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ ಹತ್ತು ಸೆಂಟಿಗಿಂತ ಕಡಿಮೆ ವೆಚ್ಚದಲ್ಲಿ ಮಾನವ ಇನ್ಸುಲಿನ್ ಒದಗಿಸುವುದಾಗಿ ಪ್ರಕಟಿಸಿತು. ಬೆಲೆಯೆಂಬುದು ಮಳೆ ಬಿಸಿಲಿನಂತೆ ತಾನಾಗಿ ಬರುವುದಲ್ಲ, ಮನುಷ್ಯರು ಕುಳಿತು ತೀರ್ಮಾನಿಸುವಂಥದು ಎಂಬುದಕ್ಕೆ ಇದು ಸಾಕ್ಷಿ. ಮನುಷ್ಯರು ತೀರ್ಮಾನಿಸುವುದೆಲ್ಲವೂ ನೀತಿಯ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಹಾಗೆಂದು ಇಡೀ ಹೊರೆಯನ್ನು ಕಂಪನಿಗಳ ಹೆಗಲಿಗೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕಾರ್ಖಾನೆಯ ಬಾಗಿಲಿನಿಂದ ಆ ವೃದ್ಧೆಯ ಮನೆಯ ಬಾಗಿಲಿನವರೆಗಿನ ದಾರಿಯಲ್ಲಿ ಸರ್ಕಾರವಿದೆ, ವೈದ್ಯರಿದ್ದಾರೆ, ಔಷಧದಂಗಡಿಯವರಿದ್ದಾರೆ. ಷೇರು ಕೊಂಡು ಅದರ ಏರಿಕೆಯನ್ನಷ್ಟೇ ನೋಡುವ ನಮ್ಮ ಕುಟುಂಬಗಳೂ ಇವೆ. ಕೊನೆಗೆ, ಪಕ್ಕದ ಮನೆಯಲ್ಲಿ ಮದ್ದು ಅರ್ಧಕ್ಕಿಳಿದಿರುವುದನ್ನು ಅರಿಯದ ನೆರೆಯವರೂ, ಪ್ರಾರ್ಥಿಸಿ ಹೊರಟುಬಂದ ಗುರುವೂ ಇದ್ದಾರೆ. ಸಮಾರಿಯದವನು ಗಾಯಾಳುವನ್ನು ಛತ್ರದ ಬಾಗಿಲಲ್ಲಿ ಬಿಟ್ಟು ಹೋಗಲಿಲ್ಲ. ಉಳಿದ ಖರ್ಚನ್ನು ತನ್ನ ಲೆಕ್ಕಕ್ಕೆ ಬರೆಸಿ ಹೋದ.

ಮುಂದಿನ ತಿಂಗಳು ಆ ಮನೆಗೆ ಹೋಗುವ ಮುನ್ನ ವಿನ್ಸೆಂಟ್ ದೆ ಪಾವ್ಲ್ ಸಭೆಯವರೊಡನೆ ಮಾತನಾಡಿದೆ. ಆಕೆಯ ಮದ್ದಿಗೆ ವ್ಯವಸ್ಥೆಯಾಯಿತು. ಕಾಲಿನ ಒಂದು ಬೆರಳನ್ನು ಮಾತ್ರ ಉಳಿಸಲಾಗಲಿಲ್ಲ. ಅಂದಿನಿಂದ ರೋಗಿಗಳ ಮನೆಗೆ ಹೋದಾಗಲೆಲ್ಲ, ಪ್ರಾರ್ಥನೆಗೆ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: "ಈ ತಿಂಗಳಿಗೆ ಮದ್ದು ಸಾಕಾಗುವಷ್ಟಿದೆಯೇ?"