ಮರವೆಯೂ ಮರಹೂ

ಶರಣರ ವಚನಗಳಲ್ಲಿ ಅರಿವು ಮತ್ತು ಮರಹು ಎಂಬೆರಡು ಮಾತುಗಳು ಹಗಲಿರುಳುಗಳಂತೆ ಜೊತೆಯಾಗಿ ಬರುವವು. ಅರಿವು ಜೀವನನ್ನು ಶಿವನೆಡೆಗೆ ಒಯ್ಯುವದು. ಮರಹು ಅವನನ್ನು ಕತ್ತಲೆಯಲ್ಲಿ ಕೆಡಹುವದು. ಈ ತತ್ತ್ವವನ್ನು ಎಳವೆಯಿಂದ ಕೇಳಿ ಬೆಳೆದ ಸದ್ಭಕ್ತನಿಗೆ ರೋಗದ ದೆಸೆಯಿಂದ ನೆನಪೇ ಕುಂದತೊಡಗಿದರೆ, ಅವನು ತನ್ನನ್ನು ಏನೆಂದು ತಿಳಿಯಬೇಕು? ಮರಹಿಗೆ ಸಿಕ್ಕೆನೆಂದೇ? ಭಕ್ತಿಗೆ ಎರವಾದೆನೆಂದೇ? ಇದು ಬರಿಯ ಪಂಡಿತರ ಚರ್ಚೆಯ ಪ್ರಶ್ನೆಯಲ್ಲ; ಇಂದು ಎಷ್ಟೋ ಮನೆಗಳ ಪಡಸಾಲೆಯಲ್ಲಿ ಮೌನವಾಗಿ ಕುಳಿತಿರುವ ಪ್ರಶ್ನೆ.

ಶಹಾಪುರದ ಕಡೆಯ ಒಬ್ಬ ಗೃಹಿಣಿಯನ್ನು ಭಾವಿಸಿಕೊಳ್ಳಬಹುದು. ಸ್ತನದ ಕ್ಯಾನ್ಸರಿಗೆ ಕೀಮೋಥೆರಪಿ ಪಡೆದು ಊರಿಗೆ ಮರಳಿರುವಳು. ಮುಂಜಾನೆ ಅಂಗೈಯಲ್ಲಿ ಲಿಂಗವನ್ನು ಹಿಡಿದು ಕುಳಿತಾಗ, ಮಜ್ಜನವಾಯಿತೋ ಇಲ್ಲವೋ, ವಿಭೂತಿ ಧರಿಸಿತೋ ಇಲ್ಲವೋ ಎಂಬುದು ನೆನಪಿಗೆ ಬಾರದು. ನಾಲ್ವತ್ತು ವರ್ಷ ನಾಲಗೆಯ ಮೇಲಿದ್ದ ವಚನವು ಅರ್ಧಕ್ಕೆ ನಿಲ್ಲುವದು. ಒಲೆಯ ಮೇಲೆ ಬೇಳೆ ಸೀಯುವದು. ಮನೆಯವರು ಮೊದಲು ನಗುವರು, ಆಮೇಲೆ ಸಿಡುಕುವರು. ಅವಳು ಯಾರಿಗೂ ಹೇಳದೆ ಅಳುವಳು. ದೇಹದ ರೋಗಕ್ಕಿಂತ ತನ್ನ ನೇಮ ತಪ್ಪಿತೆಂಬ ಅಳುಕೇ ಅವಳನ್ನು ಹೆಚ್ಚಾಗಿ ಸುಡುವದು.

ಈ ತೊಂದರೆಗೆ ಕಾರಣವೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಕ್ಯಾನ್ಸರಿಗೆ ಔಷಧವನ್ನು ರಕ್ತನಾಳದ ಮೂಲಕ ಕೊಡುವ ಆಧುನಿಕ ಪದ್ಧತಿಯು 1942ರಲ್ಲಿ ಅಮೇರಿಕೆಯಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆಯು ಸ್ಥಾಪಿತವಾಯಿತು. ಅದರ ಶಾಖೆಯೊಂದು ಕಲಬುರಗಿಯಲ್ಲಿಯೂ ಇರುವದು. 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿಯ ಜನರು ಈ ಚಿಕಿತ್ಸೆಗಾಗಿ ಕಲಬುರಗಿ, ಹೈದರಾಬಾದು, ಬೆಂಗಳೂರುಗಳಿಗೆ ಹೋಗಿಬರುವರು. ಔಷಧಗಳಿಂದ ಆಯುಷ್ಯವು ಬೆಳೆದಂತೆ, ಉಳಿದವರ ಬಾಳಿನ ಕಡೆಗೂ ವೈದ್ಯರ ದೃಷ್ಟಿ ಹರಿಯಿತು. ಪಾಶ್ಚಾತ್ಯ ದೇಶಗಳ ರೋಗಿಗಳು ತಮ್ಮ ಮರವೆಗೆ ‘ಕೀಮೋ ಮಿದುಳು’ ಎಂದೇ ಹೆಸರಿಟ್ಟರು. 1990ರ ದಶಕದಿಂದ ಅದನ್ನು ಕ್ರಮವಾಗಿ ಪರೀಕ್ಷಿಸುವ ಕಾರ್ಯ ಬೆಳೆಯಿತು.

ತಿಳಿದುಬಂದುದೇನೆಂದರೆ, ಈ ಮರವೆಗೆ ಔಷಧವೊಂದೇ ಕಾರಣವಲ್ಲ. ರೋಗವು ಶರೀರದಲ್ಲಿ ಎಬ್ಬಿಸುವ ಉರಿಯೂತ, ರಕ್ತಹೀನತೆ, ನಿದ್ರಾಭಂಗ, ಚಿಂತೆ, ನೋವಿನ ಗುಳಿಗೆಗಳು, ಹಾರ್ಮೋನಿನ ಚಿಕಿತ್ಸೆ, ತಲೆಗೆ ಕೊಟ್ಟ ವಿಕಿರಣ, ಇವೆಲ್ಲವೂ ಕೂಡಿ ಬುದ್ಧಿಯನ್ನು ಮಂಕಾಗಿಸಬಲ್ಲವು. ಕೆಲವರಲ್ಲಿ ಚಿಕಿತ್ಸೆಗೆ ಮುಂಚೆಯೇ ಈ ಲಕ್ಷಣವು ಕಂಡುಬರುವದು. ಮಾತಿನ ನಡುವೆ ಶಬ್ದ ತಪ್ಪುವದು, ಎರಡು ಕೆಲಸವನ್ನು ಒಟ್ಟಿಗೆ ಮಾಡಲಾಗದಿರುವದು, ಲೆಕ್ಕ ನಿಧಾನವಾಗುವದು ಇದರ ಸ್ವರೂಪ. ಬಹು ಜನರಿಗೆ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಇದು ಇಳಿಯುವದು. ಕೆಲವರಿಗೆ ವರ್ಷಗಟ್ಟಲೆ ಉಳಿಯುವದು. ಅಂತೂ ಇದು ಶರೀರಧರ್ಮ, ನಡತೆಯ ದೋಷವಲ್ಲ.

ಇಲ್ಲಿ ಆಕ್ಷೇಪವೊಂದು ಏಳುವದು. ಅರಿವೇ ಭಕ್ತಿಯ ಜೀವಾಳವಾದರೆ, ಅರಿವಿಗೆ ಆಸರೆಯಾದ ಮಿದುಳೇ ಸೋತಾಗ ಭಕ್ತಿಯು ಎಲ್ಲಿ ನಿಂತೀತು? ಆತ್ಮಕ್ಕೆ ರೋಗವಿಲ್ಲವೆಂದು ಹೇಳಿ ಈ ಮಾತನ್ನು ತಳ್ಳಿಹಾಕುವದು ಸುಲಭ. ಆದರೆ ಲಿಂಗವನ್ನು ಕೈಯಲ್ಲಿ ಹಿಡಿದು ತಡವರಿಸುವ ಆ ತಾಯಿಗೆ ಅದರಿಂದ ಸಮಾಧಾನವಾಗದು. ಉತ್ತರವನ್ನು ನಮ್ಮ ಆಚಾರದೊಳಗೇ ಹುಡುಕಬೇಕು.

ಹುಟ್ಟಿದ ಕೂಸಿಗೆ ಲಿಂಗಧಾರಣ ಮಾಡುವ ಸಂಪ್ರದಾಯವು ಮನೆಮನೆಯಲ್ಲಿಯೂ ಉಂಟು. ಆ ಕೂಸಿಗೆ ಮಂತ್ರದ ನೆನಪಿಲ್ಲ, ನೇಮದ ತಿಳಿವಿಲ್ಲ. ಆದರೂ ಅದನ್ನು ಯಾರೂ ಭವಿಯೆನ್ನರು. ಕೂಸು ಮುಂದೆ ಅರಿವಿಗೆ ಬರುವದು, ರೋಗಿಯಾದರೋ ಅರಿವಿನಿಂದ ದೂರ ಸರಿಯುತ್ತಿರುವನು, ಎರಡೂ ಒಂದೇ ಹೇಗೆ ಎಂದು ಕೇಳಬಹುದು. ನಿಜ, ಒಂದೇ ಅಲ್ಲ. ಆದರೆ ಕೂಸು ಅರಿವಿಗೆ ಬರುವ ತನಕ ಅದರ ನೇಮವನ್ನು ಹೊತ್ತು ನಡೆಸುವವರು ತಾಯಿತಂದೆಗಳಲ್ಲವೇ? ಒಬ್ಬರ ಭಕ್ತಿಯನ್ನು ಕೆಲವು ಕಾಲ ಇನ್ನೊಬ್ಬರು ಕಾಯ್ದಿಡಬಹುದೆಂಬುದನ್ನು ಸಮಾಜವು ಹೀಗೆ ಮೊದಲೇ ಒಪ್ಪಿಕೊಂಡಿರುವದು. ಬಾಳಿನ ಮೊದಲಲ್ಲಿ ಸಲ್ಲುವ ನ್ಯಾಯವು ಅದರ ನಡುವಿನಲ್ಲಿ ಸಲ್ಲದೆಂದು ಹೇಳಲು ಆಧಾರವಿಲ್ಲ.

ಶರಣರ ಕಥೆಯೂ ಇದಕ್ಕೆ ಸಾಕ್ಷಿ. ಸುರಪುರಕ್ಕೆ ದೂರವಲ್ಲದ, ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿಗಳು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಅನುಭವಗೋಷ್ಠಿಯಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕದ ಹೊತ್ತನ್ನು ನೆನಪಿಸಿದವಳು ಲಕ್ಕಮ್ಮ. ಅವನ ಮರವೆಯು ರೋಗದ್ದಲ್ಲ, ನಿಜ. ಆದರೂ ಅವಳು ಅವನನ್ನು ಭಕ್ತನಲ್ಲವೆಂದು ಬಗೆಯಲಿಲ್ಲ. ಅವನ ಕಾಯಕವನ್ನು ತಾನೇ ಕಿತ್ತುಕೊಳ್ಳಲೂ ಇಲ್ಲ. ನೆನಪು ಕೊಟ್ಟು ಕಳುಹಿಸಿದಳು. ಗೃಹಸ್ಥರು ಕಲಿಯತಕ್ಕ ಕ್ರಮವು ಇದೇ.

ಆದುದರಿಂದ ರೋಗಿಯ ಪಕ್ಕದಲ್ಲಿ ಕುಳಿತು ಮನೆಯವರೂ ಲಿಂಗಪೂಜೆ ಮಾಡಲಿ. ಅವಳ ಕೈ ನಿಂತಲ್ಲಿ ಮುಂದಿನ ಹೆಜ್ಜೆಯನ್ನು ಮೆಲ್ಲಗೆ ಸೂಚಿಸಲಿ. ಪೂಜೆಯನ್ನು ಅವಳಿಂದ ಬಿಡಿಸಬಾರದು. ಗುಳಿಗೆಯ ಹೊತ್ತು, ಕೊಟ್ಟ ಸಾಲ, ಆಡಿದ ಮಾತು, ಇವನ್ನು ಒಂದು ವಹಿಯಲ್ಲಿ ಬರೆದಿಡುವ ರೂಢಿಯಾಗಲಿ. ಮರೆತುದಕ್ಕೆ ದೋಷವಿಲ್ಲವಾದರೂ, ಮರೆವು ಉಂಟೆಂದು ತಿಳಿದ ಮೇಲೆ ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುವ ಹೊಣೆಯು ರೋಗಿಗೂ ಮನೆಗೂ ಇರುವದು. ಮರವೆಯನ್ನು ನಾಚಿಕೆಯೆಂದು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ರಕ್ತಹೀನತೆ, ನಿದ್ರೆಗೇಡು, ಥೈರಾಯ್ಡಿನ ಕೊರತೆಗಳು ಚಿಕಿತ್ಸೆಗೆ ಬಗ್ಗುವಂಥವು. ಒಮ್ಮಿಂದೊಮ್ಮೆ ದಿಗ್ಭ್ರಮೆಯಾದರೆ, ಜ್ವರ ಬಂದು ಮಾತು ತೊದಲಿದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮರವೆಗೆ ಹೆದರಿ, ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸುವದು ಸರ್ವಥಾ ಸಲ್ಲದು.

ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಅವನ ಕಾಯಕ ನೇಯ್ಗೆ. ಮಗ್ಗದಲ್ಲಿ ಎಳೆ ಕಡಿದರೆ ನೇಕಾರನು ಹಾಸನ್ನೇ ಹರಿದೊಗೆಯನು. ಎಳೆಗೆ ಎಳೆ ಕೂಡಿಸಿ ಗಂಟು ಹಾಕಿ ಮುಂದೆ ನೇಯುವನು. ರೋಗಿಯ ನೆನಪಿನ ಎಳೆ ಕಡಿದಲ್ಲಿ ಗಂಟು ಹಾಕುವ ಕೈ ಮನೆಯವರದು.

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ಶರಣರು ನಿಂದಿಸಿದ ಮರಹು ಯಾವುದು? ನೆನೆಯಬಲ್ಲವನು ನೆನೆಯದಿರುವದು, ತನ್ನ ಲಾಭವನ್ನು ಬಿಡದೆ ನೆನೆದು ಹಸಿದವನನ್ನು ಮರೆಯುವದು. ಅಲ್ಲಿ ಮನಸ್ಸಿನ ಒಪ್ಪಿಗೆಯುಂಟು, ಆದುದರಿಂದ ದೋಷವುಂಟು. ಮಜ್ಜನವಾಯಿತೋ ಇಲ್ಲವೋ ಎಂದು ತಳಮಳಿಸುವ ತಾಯಿಯಲ್ಲಿ ಆ ಒಪ್ಪಿಗೆಯಿಲ್ಲ. ನೇಮ ತಪ್ಪಿತೇನೋ ಎಂದು ಅವಳು ಅತ್ತ ಕಣ್ಣೀರಿನಲ್ಲಿಯೇ ಭಕ್ತಿಯು ಎಚ್ಚರವಾಗಿರುವದು. ಎಲ್ಲವೂ ನೆನಪಿದ್ದು ಅವಳ ಸಂಕಟವನ್ನು ಮಾತ್ರ ಮರೆತ ಮನೆಯವರಿದ್ದರೆ, ಮರಹಿನ ಮಾತು ಅವರಿಗೆ ಸಲ್ಲುವದು. ಸದ್ಭಕ್ತರು ಇಂದು ಸಂಜೆಯ ಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ, ಮನೆಯಲ್ಲಿ ಅಂಥವರೊಬ್ಬರಿದ್ದರೆ ಅವರನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲಿ.