ವನ್ಯಜೀವಿ ಛಾಯಾಗ್ರಹಣ ಮತ್ತು ಅಹಿಂಸೆ

ಒಂದು ಸಂಕುಲದ ಉಳಿವಿಗಾಗಿ ಅದೇ ಸಂಕುಲದ ಒಂದು ಜೀವಿಯ ನೆಮ್ಮದಿ ಕೆಡಿಸಬಹುದೇ? ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ವನ್ಯಜೀವಿ ಛಾಯಾಗ್ರಹಣ ಎದುರಿಸಬೇಕಾದ ಮುಖ್ಯ ನೈತಿಕ ಪ್ರಶ್ನೆ ಇದು.

ಛಾಯಾಚಿತ್ರಗಳಿಂದ ಪ್ರಾಣಿಗಳಿಗೆ ಉಪಕಾರವಾಗಿದೆ ಎಂಬುದಕ್ಕೆ ಇತಿಹಾಸದಲ್ಲಿ ಆಧಾರವಿದೆ. ಅಮೆರಿಕದ ಜಾರ್ಜ್ ಶೈರಸ್ ಬೇಟೆ ಬಿಟ್ಟು ಕ್ಯಾಮೆರಾ ಹಿಡಿದವರು. ಅವರ 74 ಚಿತ್ರಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯಲ್ಲಿ ಅಚ್ಚಾದವು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದರ ಕಾಲು ತಾಗಿದೊಡನೆ ಬೆಳಕು ಹೊತ್ತಿ ಚಿತ್ರ ಮೂಡುವಂತೆ ಮಾಡಿದರು. 1927ರಲ್ಲಿ ಪ್ರಕಟವಾದ ಅವರ ಪುಸ್ತಕ ಹುಲಿಯನ್ನು ಕೊಲ್ಲದೆಯೂ ಅದರ ಬೆನ್ನು ಹತ್ತಬಹುದೆಂದು ತೋರಿಸಿತು. ಬೇಟೆಗಾರ ಜಿಮ್ ಕಾರ್ಬೆಟ್ ಕ್ಯಾಮೆರಾದತ್ತ ಹೊರಳಿದ್ದರ ಹಿಂದೆ ಚಾಂಪಿಯನ್ನರ ಪ್ರಭಾವವೂ ಇತ್ತು. ಕರ್ನಾಟಕದಲ್ಲಿ ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್ ಅವರಂಥವರು ಈ ಕಲೆಯನ್ನು ಬೆಳೆಸಿದರು. ಒಂದು ಕಾಲಕ್ಕೆ ಕೊಂದವರಿಗೆ ಬಹುಮಾನ ಸಿಗುತ್ತಿದ್ದ ಸೀಳುನಾಯಿಯ ಕುಟುಂಬಜೀವನವನ್ನು ಕೃಪಾಕರ ಮತ್ತು ಸೇನಾನಿ ಅವರ ಸಾಕ್ಷ್ಯಚಿತ್ರಗಳು ಜನರ ಮುಂದಿಟ್ಟವು.

ಆದರೆ ಚಾಂಪಿಯನ್ನರ ತಂತಿಗೆ ಕಾಲು ತಾಗಿಸಿದ ಹುಲಿ ಆ ಕ್ಷಣ ಬೆಚ್ಚಿದ್ದಿರಲೇಬೇಕು. ಇಂದಿನ ಕಿರುಕುಳಗಳ ಬಗೆ ಬೇರೆ. ಗೂಡಿನ ಬಳಿ ಹೆಚ್ಚು ಹೊತ್ತು ನಿಂತರೆ ತಾಯಿಹಕ್ಕಿ ಮರಳುವುದಿಲ್ಲ. ಮರೆಯಾಗಿದ್ದ ರೆಂಬೆ ಕತ್ತರಿಸಿದರೆ ಮರಿಗಳು ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತವೆ. ಗೂಬೆ ಎರಗುವ ಚಿತ್ರಕ್ಕಾಗಿ ಜೀವಂತ ಇಲಿಯನ್ನು ಒಡ್ಡುವವರಿದ್ದಾರೆ. ಧ್ವನಿಮುದ್ರಿಸಿದ ಕೂಗು ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕೈಯಲ್ಲಿ ಬಂದೂಕಿಲ್ಲ ಎಂದಮಾತ್ರಕ್ಕೆ ಬೇಟೆಗಾರನಲ್ಲ ಎಂದು ಕಾನೂನು ಒಪ್ಪುವುದಿಲ್ಲ.

ಈ ಇಕ್ಕಟ್ಟಿಗೆ ಪಾಶ್ಚಾತ್ಯ ಚಿಂತನೆ ಎರಡು ದಿಕ್ಕಿನಿಂದ ಉತ್ತರ ಕೊಟ್ಟಿದೆ. ಜೀವಸಮುದಾಯದ ಸಮಗ್ರತೆಯನ್ನು ಕಾಯುವುದೇ ಒಳಿತು ಎಂಬುದು ಆಲ್ಡೊ ಲಿಯೊಪೋಲ್ಡ್ 1949ರಲ್ಲಿ ಮಂಡಿಸಿದ ನೆಲನೀತಿ. ಅದರ ಪ್ರಕಾರ ತೂಗಬೇಕಾದದ್ದು ಸಮುದಾಯಕ್ಕೆ ಆಗುವ ಲಾಭ. 1983ರಲ್ಲಿ ಟಾಮ್ ರೀಗನ್ ಇದನ್ನು ವಿರೋಧಿಸಿದರು: ಹಕ್ಕು ಇರುವುದು ಒಂದೊಂದು ಜೀವಿಗೆ, ಇತರರ ಹಿತಕ್ಕಾಗಿ ಅದನ್ನು ಬರಿಯ ಸಾಧನವಾಗಿ ಬಳಸುವಂತಿಲ್ಲ. 2010ರಲ್ಲಿ ಬ್ರೆಟ್ ಮಿಲ್ಸ್ ಇನ್ನೂ ಮುಂದೆ ಹೋಗಿ, ಬಿಲದಲ್ಲೂ ಗೂಡಲ್ಲೂ ಅಡಗುವ ಪ್ರಾಣಿಗಳಿಗೆ ಖಾಸಗಿತನದ ಹಕ್ಕೂ ಇದೆಯೇ ಎಂದು ಕೇಳಿದರು. ಚಿತ್ರವೆಂದರೇನೆಂದು ಪ್ರಾಣಿಗೆ ತಿಳಿಯದು ಎಂಬ ಆಕ್ಷೇಪ ಇದಕ್ಕೆ ಪೂರ್ತಿ ಉತ್ತರವಾಗದು. ಚಿತ್ರದ ಜೊತೆ ಜಾಗದ ಗುರುತೂ ಹೊರಬಿದ್ದರೆ ಕಳ್ಳಬೇಟೆಗಾರನಿಗೆ ದಾರಿ ಸಿಗುತ್ತದೆ. ಪ್ರಾಣಿಗೆ ತಿಳಿಯದಿದ್ದರೂ ಹಾನಿ ತಪ್ಪುವುದಿಲ್ಲ.

ಜೈನ ನೀತಿಶಾಸ್ತ್ರ ಈ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಮಾದದೊಂದಿಗೆ, ಅಂದರೆ ರಾಗ ಮತ್ತು ಅಜಾಗರೂಕತೆಯಿಂದ ಕೂಡಿದ ನಡೆಯೊಂದಿಗೆ, ಸೇರಿಸಿ ವಿವರಿಸುತ್ತದೆ. ಆದ್ದರಿಂದ ಉದ್ದೇಶ ಒಳ್ಳೆಯದೆಂಬ ಸಮರ್ಥನೆ ಸಾಲದು. ಆ ಹೊತ್ತಿನ ಎಚ್ಚರವೂ ಲೆಕ್ಕಕ್ಕೆ ಬರುತ್ತದೆ. ಗೃಹಸ್ಥನ ಆಚಾರದಲ್ಲಿ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆ ನಿಷಿದ್ಧ. ಬದುಕು, ಉದ್ಯೋಗಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಆದಷ್ಟು ಕುಗ್ಗಿಸಿಕೊಳ್ಳಬೇಕು. ಇಲಿಯನ್ನು ಒಡ್ಡುವುದು ಮೊದಲ ಬಗೆಗೆ ಸೇರುತ್ತದೆ, ಕಾಡಿನ ದಾರಿಯಲ್ಲಿ ಜೀಪು ಸಾಗುವುದು ಎರಡನೆಯದಕ್ಕೆ.

ಕೃತ, ಕಾರಿತ, ಅನುಮೋದಿತ ಎಂಬ ವಿಂಗಡಣೆ ಇಲ್ಲಿ ಇನ್ನೂ ಹೆಚ್ಚು ಪ್ರಸ್ತುತ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಮೂರೂ ಕರ್ಮವೇ. ಹುಲಿಯ ಹತ್ತಿರಕ್ಕೆ ಗಾಡಿ ಒಯ್ಯಲು ಚಾಲಕನಿಗೆ ಬಕ್ಷೀಸಿನ ಆಸೆ ತೋರಿಸುವವನು ಮಾಡಿಸಿದವನಾಗುತ್ತಾನೆ. ಹೇಗೆ ತೆಗೆದದ್ದೆಂದು ಕೇಳದೆ ಬಹುಮಾನ ಕೊಡುವ ತೀರ್ಪುಗಾರ, ಪ್ರಕಟಿಸುವ ಸಂಪಾದಕ, ನೋಡಿ ತಲೆದೂಗುವ ಪ್ರೇಕ್ಷಕ ಅನುಮೋದಿಸಿದವರಾಗುತ್ತಾರೆ. ಹೊಣೆ ಛಾಯಾಗ್ರಾಹಕನೊಬ್ಬನ ಹೆಗಲ ಮೇಲಷ್ಟೇ ನಿಲ್ಲುವುದಿಲ್ಲ.

ಅಹಿಂಸೆಯ ಜೊತೆಗೆ ಸತ್ಯವೂ ಒಂದು ವ್ರತ. 2009ರ ಅಂತರರಾಷ್ಟ್ರೀಯ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ ಗೆದ್ದ, ಬೇಲಿಗೇಟು ಹಾರುವ ತೋಳದ ಚಿತ್ರವನ್ನು ಮರುವರ್ಷ ಅನರ್ಹಗೊಳಿಸಲಾಯಿತು. ಅದು ಪಳಗಿಸಿದ ತೋಳವಿರಬಹುದೆಂದು ತೀರ್ಪುಗಾರರು ನಿರ್ಣಯಿಸಿದ್ದರು. ಸಂರಕ್ಷಣೆಯ ಚಿತ್ರ ಸಾಕ್ಷ್ಯವಾಗಿ ನಿಲ್ಲಬೇಕು. ಒಂದು ಚಿತ್ರ ಸುಳ್ಳಾದರೆ ನಿಜವಾದವುಗಳ ಮೇಲೂ ಶಂಕೆ ಹುಟ್ಟಿ, ಯಾವ ಹಿತಕ್ಕಾಗಿ ಚಿತ್ರ ತೆಗೆಯಲಾಯಿತೋ ಆ ಹಿತವೇ ಕೆಡುತ್ತದೆ.

ಸಂಕುಲ ಮತ್ತು ಜೀವಿ ಎಂಬ ವಿರೋಧ ಎಲ್ಲ ಕಡೆಯೂ ಅನಿವಾರ್ಯವಲ್ಲ. ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳಿಂದ ಹುಲಿಗಳ ಸಂಖ್ಯೆ ಅಂದಾಜಿಸುವ ವಿಧಾನವನ್ನು ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. ಒಂದು ಹುಲಿಯ ಪಟ್ಟೆಗಳ ವಿನ್ಯಾಸ ಇನ್ನೊಂದಕ್ಕಿಲ್ಲದಿರುವುದೇ ಆ ಲೆಕ್ಕದ ತಳಹದಿ. ಅಲ್ಲಿ ಸಂಕುಲದ ಅರಿವು ಹುಟ್ಟುವುದೇ ಪ್ರತಿಯೊಂದು ಹುಲಿಯನ್ನು ಬೇರೆಯಾಗಿ ಗುರುತಿಸುವುದರಿಂದ, ಅದೂ ಮನುಷ್ಯ ಎದುರು ನಿಲ್ಲದೆ.

ವಿರೋಧ ಉಳಿಯುವ ಕಡೆ ಎರಡು ಬದಿಯ ತೂಕ ಒಂದೇ ಅಲ್ಲ. ಚಿತ್ರದಿಂದ ಸಂಕುಲಕ್ಕೆ ಆಗಬಹುದಾದ ಒಳಿತು ದೂರದ್ದು, ಅನಿಶ್ಚಿತ. ಗೂಡು ಬಿಟ್ಟ ಹಕ್ಕಿಯ ಮರಿಗೆ ಆಗುವ ಕೇಡು ಕಣ್ಣೆದುರಿನದು. ಕಾಣದ ಲಾಭವನ್ನು ತೋರಿಸಿ ಕಾಣುವ ಹಾನಿಯನ್ನು ಒಪ್ಪಿಸಲಾಗದು. ಪ್ರಾಣಿಯ ನಡೆ ಬದಲಾದುದು ಕಂಡೊಡನೆ ಚಿತ್ರ ಬಿಟ್ಟು ಹಿಂದೆ ಸರಿಯುವುದೇ ಇಲ್ಲಿ ಅಹಿಂಸೆಯ ಆಚರಣೆ.