ಹೂವು ಬಾಡಿದ ಬಳಿಕ

ರೋಣ ಸೀಮೆಯ ಜಕ್ಕಲಿಯಂಥ ಊರಿನಲ್ಲಿ ಅಂಗಳದ ಕುಂಡದೊಳಗಣ ಸುಗಂಧರಾಜವು ಅರಳಿತೆಂದರೆ ಆ ಮನೆಯ ಸಂಜೆಯ ರೀತಿಯೇ ಬೇರೆಯಾಗುತ್ತದೆ. ಕುಂಡವು ತಲೆಬಾಗಿಲ ಕಟ್ಟೆಯನ್ನೇರುತ್ತದೆ. ಬಂದ ಬೀಗರು ಅದನ್ನು ಹೊಗಳುತ್ತಾರೆ. ಮೊದಲ ಹೂಗಳು ದೇವರ ಜಗಲಿಗೂ ಉಳಿದವು ಹೆಣ್ಣುಮಕ್ಕಳ ಮುಡಿಗೂ ಸಲ್ಲುತ್ತವೆ. ಕೆಲವು ವಾರಗಳಲ್ಲಿ ಹೂವು ಮುಗಿಯಲು ಅದೇ ಕುಂಡವು ಹಿತ್ತಲ ಬಚ್ಚಲ ಮಗ್ಗುಲಿಗೆ ಹೋಗಿ ಬೀಳುತ್ತದೆ. ಈ ನಡತೆಯು ಕುಂಡದ ಮಟ್ಟಿಗೆ ಅಲ್ಪವಾಗಿ ತೋರಬಹುದು. ಆದರೆ ಇದರಲ್ಲಡಗಿದ ಪ್ರಶ್ನೆಯು ಅಲ್ಪವಾದುದಲ್ಲ. ತನ್ನಲ್ಲಿದ್ದುದನ್ನು ಕೊಟ್ಟು ತೀರಿಸಿದುದರ ವಿಷಯದಲ್ಲಿ ಪಡೆದವನ ಕರ್ತವ್ಯವೇನು?

ಮೊದಲು ಸಸ್ಯದ ನಿಜಸ್ಥಿತಿಯನ್ನು ತಿಳಿಯಬೇಕು. ಹೂವು ಬಾಡಿದೊಡನೆ ಗಡ್ಡೆಯ ಕೆಲಸವು ತೀರಿತೆಂಬದು ಕಣ್ಣಿನ ಭ್ರಮೆ. ಹೂಗೊನೆಯನ್ನೆತ್ತುವದರಲ್ಲಿ ಗಡ್ಡೆಯು ಕೂಡಿಟ್ಟ ಆಹಾರವನ್ನು ವೆಚ್ಚಮಾಡಿರುತ್ತದೆ. ಅದನ್ನು ಮರಳಿ ತುಂಬತಕ್ಕವು ಹಸುರೆಲೆಗಳು. ಆದುದರಿಂದ ಬಾಡಿದ ಹೂದಂಟನ್ನು ಮಾತ್ರ ಕತ್ತರಿಸಬೇಕು. ಎಲೆಗಳು ಎಷ್ಟೇ ಅಂದಗೇಡಿಯಾಗಿ ಕಂಡರೂ ಅವುಗಳನ್ನು ಮುಟ್ಟಲಾಗದು. ಅವು ಹಸುರಾಗಿರುವವರೆಗೆ ಬಿಸಿಲು, ಹಿತಮಿತವಾದ ನೀರು, ಸ್ವಲ್ಪ ಗೊಬ್ಬರ ಇವು ಸಲ್ಲುತ್ತಿರಬೇಕು. ಚಳಿಗಾಲದಲ್ಲಿ ಅವು ತಾವಾಗಿ ಹಳದಿಯಾಗತೊಡಗಿದಾಗ ನೀರನ್ನು ಕಡಿಮೆಮಾಡುತ್ತ ಬಂದು, ಒಣಗಿದ ಮೇಲೆ ನಿಲ್ಲಿಸಿ, ಕುಂಡವನ್ನು ನೆರಳಿನ ಒಣ ಸ್ಥಳದಲ್ಲಿಡಬೇಕು. ಬರಿಯ ಎರೆಮಣ್ಣು ತುಂಬಿದ ಕುಂಡದಲ್ಲಿ ಈ ಎಚ್ಚರವು ಇನ್ನೂ ಹೆಚ್ಚು ಅವಶ್ಯ. ಆ ಮಣ್ಣು ನೀರನ್ನು ಬಹುಕಾಲ ಹಿಡಿದಿಡುವದರಿಂದ ಗಡ್ಡೆಯು ಕೊಳೆಯುತ್ತದೆ. ಅದಕ್ಕೆ ಮರಳನ್ನೂ ಹಳೆಯ ಗೊಬ್ಬರವನ್ನೂ ಬೆರೆಸುವದು ಲೇಸು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆರೈಕೆಯೆಂದರೆ ಯಾವಾಗಲೂ ಕೊಡುತ್ತಲೇ ಇರುವದಲ್ಲ. ಎಲೆಯಿರುವಾಗ ನೀರೆರೆಯದಿರುವದು ಎಷ್ಟು ತಪ್ಪೋ, ಎಲೆ ಒಣಗಿದ ಮೇಲೆ ನೀರು ಸುರಿಯುವದು ಅಷ್ಟೇ ತಪ್ಪು. ಮಮತೆಯು ಎಷ್ಟೋ ಸಲ ತನ್ನ ಸಮಾಧಾನಕ್ಕಾಗಿ ನೀರೆರೆಯುತ್ತದೆ. ವಿವೇಕವು ಗಡ್ಡೆಯ ಅಗತ್ಯವನ್ನು ನೋಡಿ ಕೈ ತಡೆಯುತ್ತದೆ. ರೋಣದ ಒಕ್ಕಲುಮಗನಿಗೆ ಇದನ್ನು ಕಲಿಸಬೇಕಾಗಿಲ್ಲ. ಹಿಂಗಾರಿಯ ಜೋಳ ಕಡಲೆಗಳ ಸುಗ್ಗಿ ತೀರಿ, ಬೇಸಿಗೆಯಲ್ಲಿ ಬಿರುಕುಬಿಟ್ಟು ಮಲಗಿದ ಎರೆಹೊಲವನ್ನು ಅವನು ಸತ್ತ ನೆಲವೆನ್ನುವದಿಲ್ಲ. ಮಳೆಗಾಲದಲ್ಲಿ ಕುಡಿದ ನೀರನ್ನು ಒಡಲಲ್ಲಿಟ್ಟುಕೊಂಡು ಚಳಿಗಾಲದಲ್ಲಿ ಬೆಳೆಯನ್ನು ಕೊಡುವ ಆ ನೆಲದ ರೀತಿಯನ್ನು ಅವನು ಬಲ್ಲನು.

ಆದರೆ ಒಂದು ಆಕ್ಷೇಪವು ಬಾರದಿರದು. ಮುಂದಿನ ವರ್ಷದ ಹೂವಿನ ಆಸೆಯಿಂದ ಮಾಡಿದ ಆರೈಕೆಯು ಧರ್ಮವೋ ವ್ಯಾಪಾರವೋ? ಕುಂಡದಲ್ಲಿ ಬೆಳೆಸುವ ಕೆಂಪು ಲಿಲ್ಲಿಯ ವಿಷಯದಲ್ಲಿ ಈ ಆಕ್ಷೇಪವು ಸಲ್ಲಬಹುದು. ಅದರ ಗಡ್ಡೆಯು ವರ್ಷವರ್ಷವೂ ತಾನೇ ಹೂಬಿಡುವದು. ಮೆಕ್ಸಿಕೋ ದೇಶದ ಮೂಲದ ಸುಗಂಧರಾಜದ ರೀತಿಯು ಹಾಗಲ್ಲ. ಒಮ್ಮೆ ಹೂಗೊನೆಯನ್ನೆತ್ತಿದ ಗಡ್ಡೆಯು ಮತ್ತೆ ಹೂಬಿಡದು. ಅದರ ಮಗ್ಗುಲಲ್ಲಿ ಹುಟ್ಟಿದ ಮರಿಗಡ್ಡೆಗಳು ಬಲಿತು ಹೂಬಿಡುವವು. ನೆಡುವದಕ್ಕೆ ೧.೫ ಸೆಂಟಿಮೀಟರಿಗಿಂತ ದಪ್ಪವಾದ ಗಡ್ಡೆಗಳನ್ನು ಆರಿಸುವ ರೂಢಿಯುಂಟು. ಅದಕ್ಕಿಂತ ಸಣ್ಣವು ಬಲಿಯುವವರೆಗೆ ಕಾಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯಲ್ಲಿ ಸಿದ್ಧವಾದ ಶೃಂಗಾರ, ಪ್ರಜ್ವಲ ಮೊದಲಾದ ತಳಿಗಳಿಗೂ ಈ ನಿಯಮವು ತಪ್ಪಿದ್ದಲ್ಲ. ಹೀಗಿರಲು ಹೂ ಮುಗಿದ ಗಡ್ಡೆಯನ್ನು ಸಲಹುವವನು ಆ ಗಡ್ಡೆಯಿಂದ ಮತ್ತೊಂದು ಹೂವನ್ನು ಪಡೆಯನು. ಅದರ ಉಪಕಾರವನ್ನು ಅದರ ಮರಿಗಳಿಗೆ ಸಲ್ಲಿಸುತ್ತಾನೆ. ಆ ಮರಿಗಳಲ್ಲಿ ಕೆಲವನ್ನು ನೆರೆಮನೆಗೆ ಕೊಟ್ಟರೆ ಹೂವು ಅಲ್ಲಿಯೇ ಅರಳುವದು. ಪಿತೃಋಣವನ್ನು ಸಂತತಿಯ ಮೂಲಕ ತೀರಿಸಬೇಕೆಂದು ಹಿಂದಿನವರು ಹೇಳಿದುದರ ಅರ್ಥವೂ ಇದಕ್ಕೆ ದೂರವಾದುದಲ್ಲ. ಕೊಟ್ಟವರಿಗೇ ಹಿಂದಿರುಗಿಸಲಾಗದ ಸಾಲವು ಮುಂದೆ ಬರುವವರ ಪಾಲಿಗೆ ಸೇರುತ್ತದೆ.

ಆದರೂ ಈ ಉಪಮೆಗೆ ಒಂದು ಮೇರೆಯುಂಟು. ಕೊಳೆತ ಗಡ್ಡೆಯನ್ನು ಕಿತ್ತೆಸೆಯುವದು ತಪ್ಪಲ್ಲ. ಉಳಿದವುಗಳಿಗೆ ಅದು ಹಿತವೇ. ಮನೆಯ ಹಿರಿಯರನ್ನು ಆ ತಕ್ಕಡಿಯಲ್ಲಿ ತೂಗಲಾಗದು. ದುಡಿದು ದಣಿದ ಅಜ್ಜನನ್ನು ಹಿಂದಿನ ಕೋಣೆಗೆ ಸರಿಸಿ, 'ಇನ್ನೇನು ಕೊಟ್ಟಾನು' ಎನ್ನುವ ಮನೆಯು ಗಡ್ಡೆಯಿಂದ ಏನನ್ನೂ ಕಲಿಯಲಿಲ್ಲ. 'ಇನ್ನೂ ಏನಾದರೂ ಕೊಟ್ಟಾನು' ಎಂಬ ಆಸೆಯಿಂದ ಸಾಕುವ ಮನೆಯು ಅರ್ಧವನ್ನೇ ಕಲಿಯಿತು. ಮನುಷ್ಯನಿಗೆ ಸಲ್ಲತಕ್ಕ ಆದರವು ಅವನ ಮುಂದಿನ ಹೂವನ್ನು ನೆಚ್ಚಿಕೊಂಡಿರಬಾರದು. ಹೂವೇ ಬರುವದಿಲ್ಲವೆಂದು ತಿಳಿದಲ್ಲಿಯೂ ಅದು ನಿಲ್ಲಬೇಕು.

ಹಾಗಾದರೆ ಕುಂಡದ ಆರೈಕೆಯಿಂದ ಪ್ರಯೋಜನವೇನೆಂದರೆ, ಅದೊಂದು ಅಭ್ಯಾಸವು. ಹೂವಿಲ್ಲದ ಕುಂಡದ ಹತ್ತಿರ ದಿನಕ್ಕೊಂದು ಗಳಿಗೆ ನಿಂತು, ಈ ಹೊತ್ತು ನೀರು ಬೇಕೋ ಬೇಡವೋ ಎಂದು ಬೆರಳಿನಿಂದ ಮಣ್ಣನ್ನು ಮುಟ್ಟಿನೋಡುವ ರೂಢಿಯುಳ್ಳವನಿಗೆ, ಹಿರಿಯರ ಹಾಸಿಗೆಯ ಬಳಿ ಕುಳಿತು ಅವರಿಗೇನು ಬೇಕೆಂದು ಕೇಳುವದೂ ಭಾರವಾಗಲಾರದು.